ಹಲ್ಲಿ ನಂದು, ಬಾಲ ನಿಂದು

ಮರದಯ್ಯನ ಪ್ಯಾಂಟು ಅಷ್ಟು ಉದ್ದವಾಗಿರದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಮರದಯ್ಯ ಎಂಬುದು ಅವನ ಹೆಸರಲ್ಲ. ಪ್ರಾಣಿ ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಲ್ಲಿಗಳ ಡಿಎನ್ಎ ಹೋಲಿಸಿ ಅವುಗಳ ವಂಶವೃಕ್ಷ ಬಿಡಿಸುವುದು ಅವನ ಕೆಲಸವಾದ್ದರಿಂದ ಜೊತೆಯವರು ಹಾಗೆ ಕರೆಯುತ್ತಿದ್ದರು. ಕುಳ್ಳಗಿನ ಮನುಷ್ಯ. ಯಾವ ಪ್ಯಾಂಟು ಕೊಂಡರೂ ಅದು ಅವನಿಗಿಂತ ಎತ್ತರದ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೊಲಿದದ್ದೇ ಆಗಿರುತ್ತಿತ್ತು. ಏನೋ ಕೆಲಸದ ಮೇಲೆ ನದಿಯಾಚೆಗೆ ಹೋಗಿದ್ದವನು ಅಲ್ಲಿಯ ಬಸ್ ನಿಲ್ದಾಣದ ಹಿಂದಿನ ಹೊಲಿಗೆ ಅಂಗಡಿಯಲ್ಲಿ ಹೊಸ ಪ್ಯಾಂಟನ್ನು ಗಿಡ್ಡ ಮಾಡಲು ಕೊಟ್ಟು ಬೆಂಚಿನ ಮೇಲೆ ಕಾಯುತ್ತ ಕೂತ. ಎದುರು ಗೋಡೆಯ ಮೇಲೆ ಹಾಡುಹಗಲಲ್ಲಿ ಒಂದು ಸಣ್ಣ ಹಲ್ಲಿ ಓಡಾಡುತ್ತಿತ್ತು. ಬೇರೆಯವರಾಗಿದ್ದರೆ ನೋಡಿ ಸುಮ್ಮನಾಗುತ್ತಿದ್ದರು. ಈ ಕಸುಬಿನವರಿಗೆ ಆ ಭಾಗ್ಯವಿಲ್ಲ. ಅವನು ಮೊದಲು ಫೋಟೋ ತೆಗೆದ, ಆಮೇಲೆ ಹಿಡಿದ, ಬಾಲದ ತುದಿಯನ್ನು ಒಂದು ಚೂರು ಕತ್ತರಿಸಿ ಜೇಬಿನಲ್ಲೇ ಇದ್ದ ಸ್ಪಿರಿಟ್ ಸೀಸೆಗೆ ಹಾಕಿಕೊಂಡ, ಹಲ್ಲಿಯನ್ನು ಮತ್ತೆ ಗೋಡೆಗೆ ಬಿಟ್ಟ.

"ಅವ್ರು ನನ್ನ ಪ್ಯಾಂಟು ಕತ್ತರಿಸಿದ್ರು, ನಾನು ಅವ್ರ ಹಲ್ಲಿ ಬಾಲ ಕತ್ತರಿಸಿದೆ. ಯಾರ ಋಣ ಯಾರಿಗೂ ಇಲ್ಲ," ಎಂದು ಮರುದಿನ ಎಲ್ಲರೆದುರು ಹೇಳಿಕೊಂಡು ನಕ್ಕಿದ್ದ.

ಮೂರು ವಾರ ಕಳೆದ ಮೇಲೆ ಅವನು ನಗುತ್ತಿರಲಿಲ್ಲ. ಒಂದು ಹಾಳೆ ಹಿಡಿದುಕೊಂಡು ಹಲ್ಲಿ ಮೇಡಂ ಕೋಣೆಯ ಬಾಗಿಲಲ್ಲಿ ನಿಂತಿದ್ದ.

ಹಲ್ಲಿ ಮೇಡಂಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ಮನೆಯಲ್ಲೂ ತಮ್ಮನ ಮಕ್ಕಳಿಗೆ ಅವಳು ಹಲ್ಲಿ ಅತ್ತೆಯೇ. ಬದುಕಿನ ಬಹುಭಾಗವನ್ನು ಅವಳು ಎರಡು ಬಂಡೆಗುಡ್ಡಗಳ ಮೇಲೆ ಮೊಣಕಾಲೂರಿ ಕಳೆದಿದ್ದಳು. ನದಿಯ ಈಚೆ ಒಂದು ಗುಡ್ಡ, ಆಚೆ ಒಂದು ಗುಡ್ಡ. ಈಚೆಯದರಲ್ಲಿ ಹಳದಿ ಗಂಟಲಿನ ಚುಕ್ಕಿ ಹಲ್ಲಿ, ಆಚೆಯದರಲ್ಲಿ ಬೂದು ಗಂಟಲಿನದು. ಎರಡೂ ಈ ಭೂಮಿಯ ಮೇಲೆ ಮತ್ತೆಲ್ಲೂ ಇಲ್ಲ. ಬಂಡೆ ಬಿಟ್ಟರೆ ಬದುಕಲಾರೆವು ಎಂಬಂತೆ ತಂತಮ್ಮ ಗುಡ್ಡ ಅಪ್ಪಿಕೊಂಡು ಕೂತ ಜೀವಗಳು. ಒಂದು ಕಾಲಕ್ಕೆ ಎರಡೂ ಒಂದೇ ಸಂತಾನವಾಗಿದ್ದವು, ನದಿ ಪಾತ್ರ ಬದಲಿಸಿ ನಡುವೆ ಹರಿಯತೊಡಗಿದ ಮೇಲೆ ಆ ದಂಡೆಯವು ಆ ದಂಡೆಗೆ, ಈ ದಂಡೆಯವು ಈ ದಂಡೆಗೆ ಉಳಿದು, ಲಕ್ಷಾಂತರ ವರ್ಷಗಳಲ್ಲಿ ಬೇರೆ ಬೇರೆಯಾದವು ಎಂಬುದು ಅವಳ ವಾದ. ಒಂದೇ ಮಾತಿನಲ್ಲಿ ಹೇಳುವುದಾದರೆ, ಹಲ್ಲಿಯ ಪಾಲಿಗೆ ನದಿಯೇ ಗೋಡೆ. ಆ ವಾದದ ಪ್ರಬಂಧ ಆ ವಾರ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು.

"ಪ್ಯಾಂಟಿನ ಹಲ್ಲಿ," ಎಂದ ಮರದಯ್ಯ, ಹಾಳೆಯನ್ನು ಮೇಜಿನ ಮೇಲಿಟ್ಟು. "ಆಚೆ ದಂಡೆಯಲ್ಲಿ ಸಿಕ್ಕಿದ್ದು. ಮರದಲ್ಲಿ ಮಾತ್ರ ಈಚೆ ಕೊಂಬೆ ಮೇಲೆ ಬಂದು ಕೂತಿದೆ."

ಅವಳು ಹಾಳೆ ನೋಡಿದಳು. ಕವಲೊಡೆಯುತ್ತ ಹೋದ ಗೆರೆಗಳು. ಬೂದು ಗಂಟಲಿನವುಗಳ ಕೊಂಬೆ ಒಂದು ಕಡೆ, ಹಳದಿ ಗಂಟಲಿನವುಗಳದು ಇನ್ನೊಂದು ಕಡೆ. ಹಳದಿಯವುಗಳ ನಡುವೆ, ಕರೆಯದೆ ಬಂದ ನೆಂಟನ ಹಾಗೆ, 'ಹೊಲಿಗೆ ಅಂಗಡಿ'.

"ಸೀಸೆ ಅದಲುಬದಲಾಗಿದೆಯಾ?"

"ಎರಡು ಸಲ ಮೊದಲಿಂದ ಮಾಡಿ ನೋಡಿದೆ ಮೇಡಂ. ಅದೇ ಹಲ್ಲಿ, ಅದೇ ಕೊಂಬೆ." ಮರದಯ್ಯ ಕೆಮ್ಮಿ ದನಿ ತಗ್ಗಿಸಿದ. "ಅದಲುಬದಲಾಗಿದೆ ಅಂತ ಬರೆದು ಬಿಟ್ಟುಬಿಡಬಹುದು. ಒಂದು ಬಾಲದ ತುದಿ. ಯಾರು ಕೇಳ್ತಾರೆ?"

"ಆಗಿಲ್ಲ ಅಂದ್ರಲ್ಲ ಈಗ?"

"ಆಗಿಲ್ಲ."

"ಮತ್ತೆ?"

"ಮತ್ತೇನಿಲ್ಲ. ಹೇಳಿದೆ ಅಷ್ಟೆ." ಅವನಿಗೂ ಆ ಸಲಹೆ ಇಷ್ಟವಾಗಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. "ಈಜಿಕೊಂಡು ಹೋಗಿದೆ ಅಂದ್ರೆ ನಮ್ಮ ಗೋಡೆ ಬಿತ್ತು. ಯಾರಾದ್ರೂ ಸಾಗಿಸಿದ್ದಾರೆ ಅಂದ್ರೆ, ಯಾರು, ಹೇಗೆ ಅಂತ ತೋರಿಸ್ಬೇಕು. ಸುಮ್ನೆ 'ಯಾರೋ ತಗೊಂಡು ಹೋಗಿರ್ಬೇಕು' ಅಂತ ಬರೆದ್ರೆ ಪತ್ರಿಕೆಯವ್ರು ನಮ್ಮನ್ನ ಹುರಿದು ಮುಕ್ತಾರೆ."

"ಫೋಟೋ ಇದೆಯಾ?"

ಮೊಬೈಲ್ ಕೈಗೆ ಕೊಟ್ಟ. ಹಳದಿ ಗಂಟಲು ಸ್ಪಷ್ಟವಾಗಿತ್ತು, ಅನುಮಾನವೇ ಇಲ್ಲ. ಆದರೆ ಅವಳ ಕಣ್ಣು ಹಲ್ಲಿಯ ಮೇಲೆ ನಿಲ್ಲಲಿಲ್ಲ. ಚಿತ್ರದ ಅಂಚಿನಲ್ಲಿ ಕನ್ನಡಿ ಕೂರಿಸಿದ ಮರದ ಬಾಗಿಲೊಂದರ ಮೇಲ್ತುದಿ ಕಾಣುತ್ತಿತ್ತು. ಅದರ ಮೇಲೆ ಕೆತ್ತಿದ ಒಂದು ಗಿಳಿ. ಗಿಳಿಗೆ ಕೊಕ್ಕಿರಲಿಲ್ಲ.

ಅವಳು ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಅಂಗಡಿಯಲ್ಲಿ ಯಾರಿದ್ರು?"

"ಒಬ್ಬ ಹೆಂಗಸು. ನಿಮ್ಮ ವಯಸ್ಸೇ ಇರ್ಬೇಕು, ಒಂದೆರಡು ವರ್ಷ ಹೆಚ್ಚು. ಬಾಯಿ ಜೋರು. ಹಲ್ಲಿ ಹಿಡಿದಿದ್ದಕ್ಕೆ ನನ್ನ ಎಂಟು ತಲೆಮಾರು ವಿಚಾರಿಸಿಕೊಂಡ್ರು."

"ಹೌದು," ಎಂದಳು ಮೇಡಂ. "ವಿಚಾರಿಸಿಕೊಳ್ತಾಳೆ."

*

ಆ ಬೀರು ಎಷ್ಟು ದೊಡ್ಡದಿತ್ತೆಂದರೆ, ಮೊದಲು ಬೀರು ನಿಲ್ಲಿಸಿ ಆಮೇಲೆ ಸುತ್ತ ಮನೆ ಕಟ್ಟಿದ್ದಾರೆ ಎಂದು ಮನೆಗೆ ಬಂದವರು ತಮಾಷೆ ಮಾಡುತ್ತಿದ್ದರು. ಈಚೆ ಗುಡ್ಡದ ಬುಡದಲ್ಲಿ, ಗುಡ್ಡದ್ದೇ ಕಲ್ಲಿನಲ್ಲಿ ಕಟ್ಟಿದ ಮನೆ. ಒಳ ಪಡಸಾಲೆಯ ಕಲ್ಲುಗೋಡೆಗೆ ಬೆನ್ನು ಕೊಟ್ಟು ನಿಂತ ಬೀರು. ಎರಡು ಬಾಗಿಲು, ಒಂದಕ್ಕೆ ಕನ್ನಡಿ, ಇನ್ನೊಂದಕ್ಕೆ ಬೀಗ. ನೆತ್ತಿಯ ಮೇಲೆ ಎರಡು ಗಿಳಿಗಳು ಎದುರುಬದುರು. ಒಂದರ ಕೊಕ್ಕು ಹೇಗೆ ಮುರಿಯಿತೆಂದು ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕತೆ ಹೇಳುತ್ತಿದ್ದರು. ಎಲ್ಲ ಕತೆಗಳಲ್ಲೂ ತಪ್ಪು ಬೇರೆಯವರದ್ದು.

ಮೇಡಂ ಇನ್ನೂ ಚಿಕ್ಕವಳಾಗಿದ್ದಾಗ ಅವಳ ಅಪ್ಪ ಮತ್ತು ದೊಡ್ಡಪ್ಪ ಪಾಲಾದರು. ಮನೆ, ಪಾತ್ರೆ, ಹಾಸಿಗೆ ಎಲ್ಲ ಹೇಗೋ ಬಗೆಹರಿಯಿತು. ಬೀರು ಬಗೆಹರಿಯಲಿಲ್ಲ. ದೊಡ್ಡಪ್ಪ ಬಿಡಲೊಲ್ಲ, ಅಪ್ಪ ಕೊಡಲೊಲ್ಲ. ಕೊನೆಗೆ ಅಜ್ಜಿಯೇ ಬಡಗಿಯನ್ನು ಕರೆಸಿ, ಕುರ್ಚಿ ಹಾಕಿಸಿಕೊಂಡು ಕೂತು, "ಮಧ್ಯಕ್ಕೇ ಕುಯ್ಯಪ್ಪ. ಒಬ್ಬನಿಗೆ ಒಂದು ಕೂದಲೆಳೆ ಹೆಚ್ಚು ಬಂದ್ರೂ ನನ್ನ ಹೆಣದ ಮುಂದೆ ಜಗಳ ಆಡ್ತಾರೆ ಇವ್ರು," ಎಂದಳು. ಬೀರು ಮಾಡಿ ಗೊತ್ತೇ ಹೊರತು ಬಿಚ್ಚಿ ಗೊತ್ತಿಲ್ಲ ಎಂದು ಬಡಗಿ ಗೊಣಗಿದ. ಆದರೂ ಗರಗಸ ಹಿಡಿದ.

ಇಬ್ಬರು ಹುಡುಗಿಯರು ಮರದ ಪುಡಿಯಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದರು. ದೊಡ್ಡಪ್ಪನ ಮಗಳು ದೊಡ್ಡವಳು, ಆದ್ದರಿಂದ ಎಲ್ಲ ಬಲ್ಲವಳು. ಗರಗಸ ಹಿಂಬದಿಯ ಹಲಗೆಗೆ ಬಂದಾಗ ಬೀರಿನ ಬೆನ್ನಿನಿಂದ ಒಂದು ಚುಕ್ಕಿ ಹಲ್ಲಿ ಚಂಗನೆ ನೆಲಕ್ಕೆ ಬಿತ್ತು. ಇಬ್ಬರೂ ಒಟ್ಟಿಗೆ ಕೈ ಹಾಕಿದರು. ಹಲ್ಲಿ ಒಬ್ಬಳ ಅಂಗೈಯಲ್ಲಿ, ಬಾಲ ಒಬ್ಬಳ ಬೆರಳಲ್ಲಿ. ಬಾಲ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು.

"ಹಲ್ಲಿ ನಂದು, ಬಾಲ ನಿಂದು," ಎಂದು ಅಕ್ಕ ತೀರ್ಪು ಕೊಟ್ಟಳು. ಅವತ್ತು ಆ ಮನೆಯಲ್ಲಿ ತಂಟೆಯಿಲ್ಲದೆ ಮುಗಿದ ಪಾಲು ಅದೊಂದೇ.

ಕನ್ನಡಿಯ ಅರ್ಧ ಗಾಡಿಯೇರಿ ಸೇತುವೆ ದಾಟಿತು. ಬೀಗದ ಅರ್ಧ ಉಳಿಯಿತು. ತೆರೆದ ಪಕ್ಕೆಗೆ ಎರಡು ಕಡೆಯೂ ಒಂದೊಂದು ಹಲಗೆ ಹೊಡೆಸಿಕೊಂಡರು. ಅಂದಿನಿಂದ ಒಂದು ಮನೆಯವರು ಮುಖ ನೋಡಿಕೊಂಡರು, ಇನ್ನೊಂದು ಮನೆಯವರು ಬಾಗಿಲು ಭದ್ರ ಮಾಡಿಕೊಂಡರು. ಅಜ್ಜಿ ತೀರಿಕೊಂಡಾಗ ಎರಡೂ ಕಡೆಯವರು ಸೇರಿದ್ದೇ ಕೊನೆ, ಆಮೇಲೆ ಮಾತಿಲ್ಲ ಕತೆಯಿಲ್ಲ. ಮುಂದೆ ರಸ್ತೆ ಅಗಲ ಮಾಡುವಾಗ ಆ ಕಲ್ಲಿನ ಮನೆಯೂ ಹೋಯಿತು. ಅರ್ಧ ಬೀರು ಮಾತ್ರ ಮೇಡಂ ಜೊತೆ ಬಾಡಿಗೆ ಮನೆಗಳನ್ನು ಸುತ್ತುತ್ತ ಈಗ ಮೂರನೆಯ ಮಹಡಿಯಲ್ಲಿ ಕಂಬಳಿ, ದಿಂಬು ತುಂಬಿಕೊಂಡು ನಿಂತಿತ್ತು.

ಹಲ್ಲಿ ಶಾಸ್ತ್ರಕ್ಕೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಮೇಡಂ ಜೀವವೈವಿಧ್ಯದ ಬಗ್ಗೆ ಎರಡು ಒಳ್ಳೆಯ ವಾಕ್ಯ ಹೇಳುತ್ತಿದ್ದಳು. ಕುಣಿಯುವ ಬಾಲದ ಸುದ್ದಿ ಎತ್ತುತ್ತಿರಲಿಲ್ಲ.

*

ಅಂಗಡಿಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಅವಳು ಪ್ರಯೋಗಾಲಯದ ಬಿಳಿ ಕೋಟೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಎರಡು ಹೊಲಿಗೆ ಯಂತ್ರ, ಒಂದು ಬೆಂಚು, ಗೂಟಗಳಲ್ಲಿ ನೇತುಹಾಕಿದ ಬಟ್ಟೆಗಳು, ನೆಲದ ತುಂಬ ಬಣ್ಣಬಣ್ಣದ ಚಿಂದಿ. ಮೂಲೆಯಲ್ಲಿ ಕನ್ನಡಿಯ ಬಾಗಿಲಿನ ಅರ್ಧ ಬೀರು. ಹಾಕಿಕೊಂಡು ನೋಡುವವರಿಗೆ ಅದೇ ನಿಲುವುಗನ್ನಡಿ.

"ಏನಾಗ್ಬೇಕು?" ಯಂತ್ರದಿಂದ ತಲೆಯೆತ್ತದೆ ಹೆಂಗಸು ಕೇಳಿದಳು.

"ಜೇಬು ಹರಿದಿದೆ."

ಹೆಂಗಸು ಕೋಟು ಇಸಿದುಕೊಂಡು ಜೇಬನ್ನು ಬೆಳಕಿಗೆ ಹಿಡಿದಳು. "ತಾನಾಗಿ ಹರಿದಿರೋದಲ್ಲ, ಬೇಕಂತ್ಲೇ ಹರಿದಿದ್ದು. ಇವತ್ತು ಬೆಳಿಗ್ಗೆ. ದಾರದ ತುದಿ ಇನ್ನೂ ಮಾಸಿಲ್ಲ." ಆಮೇಲೆ ಕನ್ನಡಕದ ಮೇಲಿಂದ ದಿಟ್ಟಿಸಿದಳು. "ಕೂತ್ಕೋ ಪುಟ್ಟಿ. ಸುಳ್ಳು ಹೇಳೋಕೆ ಇನ್ನೂ ಕಲಿತಿಲ್ವಾ ನೀನು?"

ನೆರೆತ ಕೂದಲಿನ, ಸಂಗ್ರಹಾಲಯದಲ್ಲಿ ಹದಿನೈದು ಜನರನ್ನು ಗದರಿಸುವ ಪುಟ್ಟಿ ಬೆಂಚಿನ ಮೇಲೆ ಕೂತಳು.

"ಹೇಗಿದ್ದೀಯ ಅಕ್ಕ?"

"ಕಾಣ್ತಿದ್ದೀನಲ್ಲ. ಬೆನ್ನು ಹೋಗಿದೆ, ಕಣ್ಣು ಹೋಗ್ತಿದೆ, ಬಾಯಿ ಮಾತ್ರ ಚೆನ್ನಾಗಿದೆ ಅಂತಾರೆ. ಮೊನ್ನೆ ಒಬ್ಬ ಬಂದಿದ್ದ. ಪ್ಯಾಂಟು ಕೊಟ್ಟು, ನನ್ನ ಗೋಡೆ ಮೇಲಿನ ಹಲ್ಲಿ ಹಿಡಿದು ಬಾಲ ಕತ್ತರಿಸಿದ. ಯಾರಯ್ಯ ನೀನು ಅಂದ್ರೆ ಸಂಗ್ರಹಾಲಯ ಅಂದ. ಆಗಲೇ ಅಂದ್ಕೊಂಡೆ, ಇನ್ನು ಇವಳು ಬರ್ತಾಳೆ ಅಂತ." ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. "ಹಲ್ಲಿ ನೋಡೋಕೆ ಬಂದ್ಯಾ, ನನ್ನ ನೋಡೋಕೆ ಬಂದ್ಯಾ?"

ಮೇಡಂ ಬೀರಿನ ಕಡೆ ನೋಡಿದಳು. "ಹಲ್ಲಿ ನೋಡೋಕೆ."

"ಸದ್ಯ, ನಿಜ ಹೇಳಿದೆ. ನಿಮ್ಮಪ್ಪನಾಗಿದ್ರೆ ನನ್ನ ಕೆನ್ನೆ ಹಿಡಿದು ಅಳ್ತಿದ್ದ." ಹಾಗೆಂದು ಅವಳೇ ಕಣ್ಣು ಒರೆಸಿಕೊಂಡು, ಕಣ್ಣಿಗೆ ದಾರದ ಎಳೆ ಬಿತ್ತೆಂದು ಯಂತ್ರವನ್ನು ಬೈದಳು.

ಪುಟ್ಟಿ ಎಲ್ಲವನ್ನೂ ಹೇಳಿದಳು. ಗುಡ್ಡಗಳು, ನದಿ, ಗೋಡೆ, ಕೊಂಬೆ ತಪ್ಪಿ ಕೂತ ಹಲ್ಲಿ. ಈ ಅಂಗಡಿಯ ಹಲ್ಲಿ ಇಲ್ಲಿಗೆ ಹೇಗೆ ಬಂತೆಂದು ತೋರಿಸದಿದ್ದರೆ ತನ್ನ ಇಷ್ಟು ವರ್ಷದ ಕೆಲಸಕ್ಕೆ ಅರ್ಥವಿಲ್ಲ ಎಂದಳು.

"ಅದಕ್ಕೇನು ಬೇಕು?"

"ಆ ಬೀರು ಸರಿಸ್ಬೇಕು."

"ನಿನ್ನ ಕಡೆಯವ್ರಿಗೆ ಯಾವಾಗ್ಲೂ ನಮ್ಮ ಅರ್ಧದ ಮೇಲೇ ಕಣ್ಣು," ಎಂದಳು ಅಕ್ಕ. ಎದ್ದು ಒಂದು ಮೂಲೆಗೆ ಭುಜ ಕೊಟ್ಟಳು. "ಏಳು ಮತ್ತೆ. ನಾನೊಬ್ಬಳೇ ಎತ್ತೋಕೆ ಆಗುತ್ತಾ?"

ಬೀರು ಕಿರುಗುಟ್ಟಿ ಗೋಡೆಯಿಂದ ಬೇರೆಯಾಯಿತು. ಮೂರು ನಾಲ್ಕು ಚುಕ್ಕಿ ಹಲ್ಲಿಗಳು ದಿಕ್ಕಾಪಾಲಾಗಿ ಓಡಿದವು. ಒಂದು ಗಂಡು ಕಿಟಕಿಯ ಚೌಕಟ್ಟಿನ ಮೇಲೆ ನಿಂತು ಹಳದಿ ಗಂಟಲು ಉಬ್ಬಿಸಿ, ಇದು ಯಾರ ಮನೆ ಎಂದು ಕೇಳುವಂತೆ ನೋಡಿತು. ಮೇಡಂ ಮೊಣಕಾಲೂರಿ ಟಾರ್ಚ್ ಹಾಕಿದಳು.

ಹಿಂಬದಿಯ ಹಲಗೆಯ ತುಂಬ ಬಿಳಿಯ ಉಂಗುರಗಳು. ಅಂಗಿ ಗುಂಡಿಯ ಗಾತ್ರದವು, ಒಂದರ ಪಕ್ಕ ಒಂದು, ಒಂದರ ಮೇಲೊಂದು. ಈ ಜಾತಿಯ ಹಲ್ಲಿ ಮೊಟ್ಟೆಯನ್ನು ಅಂಟಿಸಿಡುತ್ತದೆ, ಮರಿ ಒಡೆದು ಹೋದರೂ ಚಿಪ್ಪಿನ ಬುಡ ಸುಣ್ಣದ ಉಂಗುರದಂತೆ ಉಳಿಯುತ್ತದೆ. ತಾಯಿ ಇಟ್ಟಲ್ಲೇ ಮಗಳು ಇಡುತ್ತಾಳೆ, ಮಗಳು ಇಟ್ಟಲ್ಲೇ ಮೊಮ್ಮಗಳು. ಬಂಡೆಯ ಬಿರುಕಿನಲ್ಲಿ ಇಂಥ ಹೆರಿಗೆಕೋಣೆಗಳನ್ನು ಮೇಡಂ ಲೆಕ್ಕವಿಲ್ಲದಷ್ಟು ನೋಡಿದ್ದಳು. ಗೋಡೆಗೂ ಬೀರಿಗೂ ನಡುವಿನ ಕತ್ತಲ ಸಂದು ಹಲ್ಲಿಗೆ ಬಂಡೆಯ ಬಿರುಕಿಗಿಂತ ಬೇರೆಯೇನಲ್ಲ.

ಟಾರ್ಚಿನ ಬೆಳಕು ಹಲಗೆಯ ಅಂಚಿಗೆ ಬಂದು ನಿಂತಿತು. ಗರಗಸ ಕುಯ್ದ ಅಂಚು. ಅಲ್ಲಿ ಉಂಗುರಗಳು ಅರ್ಧರ್ಧವೇ ಇದ್ದವು. ಗರಗಸ ಅವುಗಳ ನಡುವೆಯೇ ಹಾದುಹೋಗಿತ್ತು.

"ಏನಾಯ್ತೇ? ಯಾಕೆ ಸುಮ್ನಾದೆ?"

"ಅಕ್ಕ, ಕುಯ್ಯೋ ಮುಂಚೆಯೇ ಇವು ಇಲ್ಲಿದ್ವು." ಅವಳು ಅರ್ಧ ಉಂಗುರಗಳ ಮೇಲೆ ಟಾರ್ಚ್ ಹಿಡಿದಳು. "ಇದರ ಬೆನ್ನಿಗೆ ಮೊಟ್ಟೆ ಅಂಟಿಕೊಂಡೇ ಗಾಡಿ ಹತ್ತಿದೆ. ನದಿ ದಾಟಿಸಿದ್ದು ದೊಡ್ಡಪ್ಪ."

"ನಮ್ಮಪ್ಪನ ಮೇಲೆ ಇನ್ನೊಂದು ಅಪವಾದ," ಎಂದಳು ಅಕ್ಕ. ಬಗ್ಗಿ ನೋಡಿದಳು. ಆಕೆಯ ಬೆರಳು ಒಂದು ಅರ್ಧ ಉಂಗುರದ ಮೇಲೆ ಸುಳಿಯಿತು. "ಇನ್ನರ್ಧ ನಿನ್ನ ಹತ್ರ ಇರ್ಬೇಕಲ್ಲ ಮತ್ತೆ?"

ಮೇಡಂ ಟಾರ್ಚ್ ಆರಿಸಿದಳು.

"ಇದೆಯೋ ಇಲ್ವೋ?"

"ಗೊತ್ತಿಲ್ಲ. ನೋಡಿಲ್ಲ."

"ಎರಡು ಗುಡ್ಡದ ಕಲ್ಲುಕಲ್ಲು ಎತ್ತಿ ನೋಡಿದವಳು ನಿನ್ನ ಬೀರಿನ ಹಿಂದೆ ನೋಡಿಲ್ವಾ?"

"ಬೀರಿನ ಹಿಂದೆ ಯಾರಾದ್ರೂ ನೋಡ್ತಾರಾ ಅಕ್ಕ? ತಮ್ಮ ಒಂದು ಸಲ ಅದಕ್ಕೆ ಬಣ್ಣ ಹೊಡೆಸಿದ್ದ. ಬೆನ್ನಿಗೂ ಹೊಡೆಸಿದ್ರೆ ಮುಗೀತು."

ಅಕ್ಕ ಎದ್ದಳು. ರವಿಕೆ, ಅಂಗಿಗಳ ಅಳತೆ ಕತ್ತರಿಸುವ ಕಂದು ಕಾಗದದ ಸುರುಳಿಯಿಂದ ಉದ್ದನೆಯ ತುಂಡು ಹರಿದು ಹಲಗೆಯ ಅಂಚಿಗೆ ಹಿಡಿದಳು. ಪುಟ್ಟಿಯ ಕೈಗೆ ಮೇಲ್ತುದಿ ಕೊಟ್ಟು ಅಲ್ಲಾಡದಂತೆ ಹಿಡಿ ಎಂದಳು. ಸೀಮೆಸುಣ್ಣದಿಂದ ಉಜ್ಜುತ್ತ, ಗುರುತು ಹಾಕುತ್ತ, ಒಂದೊಂದು ಅರ್ಧ ಉಂಗುರವನ್ನೂ ಕಾಗದಕ್ಕೆ ಇಳಿಸಿದಳು. ನೆಲದ ಮೇಲೆ ಕೂತು ಅಂಚನ್ನು ಕತ್ತರಿಸಿದಳು. ಕಾಗದವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅಂಗಡಿಯ ಬಾಗಿಲೆಳೆದು, "ನಡಿ," ಎಂದಳು.

*

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಸೇತುವೆಯ ಮೇಲೆ ಗಾಳಿ ಬೀಸಿತು. ಕೆಳಗೆ ನದಿ ಯಾರನ್ನೂ ಬೇರೆ ಮಾಡುವ ಉದ್ದೇಶವಿಲ್ಲದಂತೆ ಹರಿಯುತ್ತಿತ್ತು.

"ಅಂದಿನಿಂದ ಈ ಕಡೆ ಬಂದೇ ಇಲ್ವಾ ಅಕ್ಕ?"

"ಯಾಕೆ ಬಂದಿಲ್ಲ? ವಾರ ವಾರ ಬರ್ತೀನಿ, ದಾರ, ಗುಂಡಿ, ಲೈನಿಂಗ್ ಬಟ್ಟೆ ತರೋಕೆ. ನಿಮ್ಮನೆ ಕಡೆ ತಿರುಗಿಲ್ಲ ಅಷ್ಟೆ. ನೀನು?"

"ನಾನೂ ತಿಂಗಳಿಗೊಂದು ಸಲ ಆಚೆ ಗುಡ್ಡಕ್ಕೆ ಬರ್ತೀನಿ. ಇದೇ ಬಸ್ಸು."

ನದಿ ಗೋಡೆಯೆಂದು ನಂಬಿದ್ದ ಮೇಡಂಗೆ ಈ ಸಂಗತಿಯನ್ನು ಯಾವ ಕೊಂಬೆಯ ಮೇಲೆ ಕೂರಿಸಬೇಕೆಂದು ತಿಳಿಯಲಿಲ್ಲ. ಹಲ್ಲಿಗಳನ್ನು ನೋಡಿ ಮನುಷ್ಯರಿಗೆ ನೀತಿ ಹೇಳುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು.

"ಆ ಬಾಲ ಏನು ಮಾಡಿದೆ?" ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

"ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೆ. ಇರುವೆ ತಿಂದ್ಬಿಟ್ವು. ನಿನ್ನ ಹಲ್ಲಿ?"

"ಬೀರಿನೊಳಗೆ ಬಿಟ್ಟಿದ್ದೆ. ಬಾಲ ಮತ್ತೆ ಬಂತು ಕಣೇ, ಆದ್ರೆ ಮೊದಲಿನ ಹಾಗಲ್ಲ. ಚುಕ್ಕಿಯೇ ಇಲ್ಲ, ಒಂಥರಾ ಬೋಳು. ಅದನ್ನ ನೋಡಿದಾಗಲೆಲ್ಲ ಪುಟ್ಟಿಗೆ ತೋರಿಸ್ಬೇಕಿತ್ತು ಅನ್ನಿಸ್ತಿತ್ತು." ಕಿಟಕಿಯಾಚೆ ತಿರುಗಿದಳು. "ಆಮೇಲೆ ಅನ್ನಿಸೋದು ನಿಂತುಹೋಯ್ತು."

ಮೂರನೆಯ ಮಹಡಿಯಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತರು. ಕಂಬಳಿ ದಿಂಬುಗಳನ್ನು ಹೊರಗೆಳೆದು ಮಂಚದ ಮೇಲೆ ಒಟ್ಟಿದರು. ಬೀರು ಗೋಡೆ ಬಿಟ್ಟು ಈಚೆ ಬಂತು. ಮೇಡಂಗೆ ಟಾರ್ಚ್ ಹಾಕಲು ಧೈರ್ಯ ಬರಲಿಲ್ಲ.

"ಕೊಡು ಇಲ್ಲಿ," ಎಂದು ಅಕ್ಕನೇ ಹಾಕಿದಳು. "ನಿಮ್ಮ ತಮ್ಮ ಸೋಮಾರಿ. ಬೆನ್ನಿಗೆ ಬಣ್ಣ ಹೊಡೆಸಿಲ್ಲ."

ಧೂಳು, ಜೇಡರ ಬಲೆ, ಅದರಡಿ ಬಿಳಿ ಉಂಗುರಗಳು. ಅಂಚಿನಲ್ಲಿ ಅರ್ಧಗಳು. ಅಕ್ಕ ಕಾಗದ ಬಿಚ್ಚಿ ಹಲಗೆಗೆ ಒತ್ತಿ ಹಿಡಿದಳು. ಮೊದಲನೆಯ ಉಂಗುರ ಅಡ್ಡಡ್ಡ ಚಪ್ಪಟೆಯಾಗಿ ಕಂಡಿತು. ಎರಡನೆಯದೂ ಹಾಗೆಯೇ.

"ಕೂಡ್ತಿಲ್ಲ," ಎಂದಳು ಮೇಡಂ.

"ತಾಳು. ಬಟ್ಟೆ ಕತ್ತರಿಸುವಾಗ ಹೊಲಿಗೆಗೆ ಅಂತ ಬಿಡ್ತೀವಲ್ಲ, ಹಾಗೆ. ಗರಗಸ ತಿಂದ ಮರ ಎಲ್ಲಿ ಹೋಯ್ತು? ನಾವಿಬ್ರು ಅದರ ಪುಡಿಯಲ್ಲೇ ಕೂತಿರ್ಲಿಲ್ವಾ?" ಅಕ್ಕ ಕಾಗದವನ್ನು ಗರಗಸದ ದಪ್ಪದಷ್ಟು ಹಿಂದಕ್ಕೆ ಜರುಗಿಸಿದಳು.

ಉಂಗುರಗಳು ಗುಂಡಗಾದವು. ಮೇಲಿನಿಂದ ಕೆಳಗಿನವರೆಗೆ, ಅಂಚಿನುದ್ದಕ್ಕೂ, ಮರದ ಅರ್ಧಕ್ಕೆ ಕಾಗದದ ಅರ್ಧ ಒಂದೊಂದಾಗಿ ಕೂಡಿಕೊಂಡಿತು.

ಮೇಡಂ ಫೋಟೋ ತೆಗೆದು ಮರದಯ್ಯನಿಗೆ ಕಳಿಸಿ ಫೋನು ಮಾಡಿ ಎಲ್ಲ ವಿವರಿಸಿದಳು. ಅವನು, "ನದಿ ಗೋಡೆಯೇ ಮೇಡಂ," ಎಂದ. "ಹಲ್ಲಿಗೆ. ಬೀರಿಗಲ್ಲ. ಪ್ರಬಂಧದಲ್ಲಿ ಏನಂತ ಬರೀಲಿ, ಆಸ್ತಿ ವಿಭಾಗ ಅಂತ್ಲಾ?"

"ಮನೆಸಾಮಾನಿನ ಜೊತೆ ಸಾಗಿದ್ದು ಅಂತ ಬರೀರಿ. ಗರಗಸದ ಗುರುತಿನ ಚಿತ್ರ ಹಾಕಿ. ಅಂಗಡಿಯವ್ರ ಹೆಸರಿಗೆ ಧನ್ಯವಾದ ಹೇಳಿ."

"ಅವ್ರು ನನ್ನ ಬೈದಿದ್ದಕ್ಕೂ ಸೇರಿಸಿಯೇ ಹೇಳ್ತೀನಿ."

ಅವಳು ಫೋನು ಇಡುವಷ್ಟರಲ್ಲಿ ಅಕ್ಕ ಮೇಡಂ ಮನೆಗೆ ತಂದಿಟ್ಟಿದ್ದ ಮರದಯ್ಯನ ಹಾಳೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ನೋಡುತ್ತಿದ್ದಳು. "ಇದೇನಾ ನಿಮ್ಮ ಮರ? ನಮ್ಮ ಅಂಗಡಿಯವು ಎಲ್ಲಿ?"

"ಇಲ್ಲಿ."

"ಇದು ನಿಮ್ಮ ಕಡೆ ಕೊಂಬೆ ಅಲ್ವಾ?"

"ಹೌದು. ನಡುವೆ ಗೆರೆ ಎಳೆಯೋಷ್ಟೂ ವ್ಯತ್ಯಾಸ ಇಲ್ಲ."

"ಇಷ್ಟು ವರ್ಷ ಆಚೆ ಇದ್ರೂ ಬೇರೆ ಆಗಿಲ್ವಾ?"

"ಅದಕ್ಕೆ ಲಕ್ಷಗಟ್ಟಲೆ ವರ್ಷ ಬೇಕು ಅಕ್ಕ."

"ಅಷ್ಟು ಪುರುಸೊತ್ತು ಯಾರಿಗಿದೆ? ಟೀ ಇಡು." ಅಕ್ಕ ಹಾಳೆ ಕೆಳಗಿಟ್ಟು, ಬೀರಿನ ಬಾಗಿಲೆದುರು ನಿಂತು, ಬಸ್ಸಿನ ಗಾಳಿಗೆ ಕೆದರಿದ್ದ ಕೂದಲನ್ನು ಎರಡೂ ಕೈಯಿಂದ ಸರಿಮಾಡಿಕೊಳ್ಳತೊಡಗಿದಳು. ಅಲ್ಲಿ ಬರೀ ಹಲಗೆಯಿತ್ತು, ಮತ್ತೆ ತುಕ್ಕು ಹಿಡಿದ ಬೀಗದ ಕಣ್ಣು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಪುಟ್ಟಿ ನೋಡಿದಳು. ಅಲ್ಲಿ ಏನೂ ಕಾಣಲ್ಲ ಅಕ್ಕ ಎನ್ನಬೇಕೆಂದುಕೊಂಡಳು. ಅನ್ನಲಿಲ್ಲ. ಎರಡು ಲೋಟದ ನೀರು ಒಲೆಯ ಮೇಲಿಟ್ಟಳು.